ಒಂದೇ ಕೊಲ್ಲಿಯಲ್ಲಿ ಕೋಟೆ ಮತ್ತು ಪೇಟೆ: ವ್ಲಾಡಿವೋಸ್ಟಾಕ್ ಎಂಬ ಬಂದರು

ಪ್ರಶ್ನೆ: ಚೆನ್ನೈನಿಂದ ರಷ್ಯಾದ ವ್ಲಾಡಿವೋಸ್ಟಾಕ್‌ಗೆ ನೇರ ಹಡಗು ಮಾರ್ಗ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ನನ್ನ ಮಗ ಸರಕು ಹಡಗಿನಲ್ಲಿ ಅಧಿಕಾರಿ. ಅವನ ಹಡಗು ಮುಂದಿನ ವರ್ಷ ಅಲ್ಲಿಗೆ ಹೋಗಬಹುದಂತೆ. ಭೂಪಟ ನೋಡಿದರೆ ಆ ಊರು ಚೀನಾ, ಕೊರಿಯಾ, ಜಪಾನ್‌ಗಳ ಮಗ್ಗುಲಲ್ಲಿದೆ. ರಷ್ಯನ್ನರು ಅಷ್ಟು ದೂರ ಬಂದು ಬಂದರು ಕಟ್ಟಿದ್ದೇಕೆ? ಅದು ಯುರೋಪಿನ ಊರೋ ಏಷ್ಯಾದ ಊರೋ? ಮಗ ಅಲ್ಲಿ ಇಳಿದರೆ ಏನನ್ನು ನೋಡಬೇಕು?
– ಮಂಗಳೂರಿನ ಓದುಗರೊಬ್ಬರು

ಉತ್ತರ: ಭೂಪಟ ನೋಡಿ ನಿಮಗೆ ಅಚ್ಚರಿಯಾದದ್ದು ಸಹಜ. ಮಾಸ್ಕೋದಿಂದ ವ್ಲಾಡಿವೋಸ್ಟಾಕ್‌ಗೆ ರೈಲುಹಳಿಯ ಉದ್ದ 9,288 ಕಿ.ಮೀ. ಹಗಲೂ ರಾತ್ರಿಯೂ ಓಡುವ ರೈಲಿಗೂ ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ಗಡಿಯಾರ ಮಾಸ್ಕೋಗಿಂತ ಏಳು ಗಂಟೆ ಮುಂದಿದೆ. ಅದೇ ಟೋಕಿಯೊ ಅಲ್ಲಿಂದ ಸುಮಾರು ಸಾವಿರ ಕಿ.ಮೀ., ಸೋಲ್ ಅದಕ್ಕಿಂತಲೂ ಹತ್ತಿರ. ಆದರೆ ಊರಿನ ಮುಖ್ಯ ಬೀದಿಯಾದ ಸ್ವೆಟ್ಲಾನ್ಸ್ಕಾಯಾದಲ್ಲಿ ನಡೆದರೆ ಎರಡೂ ಬದಿಯಲ್ಲಿ ಕಾಣುವುದು ಯುರೋಪಿನ ಶೈಲಿಯ ಕಲ್ಲಿನ ಕಟ್ಟಡಗಳು. ಕಿವಿಗೆ ಬೀಳುವುದು ರಷ್ಯನ್ ಭಾಷೆ. ಮೂಗಿಗೆ ಬಡಿಯುವುದು ಪೆಸಿಫಿಕ್ ಕಡಲಿನ ಉಪ್ಪುಗಾಳಿ.

ಯುರೋಪೋ ಏಷ್ಯಾವೋ ಎಂಬ ಪ್ರಶ್ನೆಯಿಂದ ಈ ಊರು ಅರ್ಥವಾಗುವುದಿಲ್ಲ ಎಂಬುದು ಏಷ್ಯಾದ ಬಂದರುಗಳ ಚರಿತ್ರೆಯನ್ನು ಬಹುಕಾಲ ಓದಿಕೊಂಡು ಬಂದ ನನ್ನ ಅಭಿಪ್ರಾಯ. ನಮ್ಮ ಹಳೆಯ ಊರುಗಳಲ್ಲಿ ಕೋಟೆ ಬೇರೆ, ಪೇಟೆ ಬೇರೆ ಇರುತ್ತಿತ್ತು. ಕೋಟೆ ದೊರೆಯದು, ಪೇಟೆ ವರ್ತಕರದು. ವ್ಲಾಡಿವೋಸ್ಟಾಕ್‌ನಲ್ಲಿ ಈ ಎರಡನ್ನೂ ಒಂದೇ ಕಿರಿದಾದ ಕೊಲ್ಲಿಯೊಳಗೆ ತುರುಕಿದ್ದಾರೆ. ಯುದ್ಧನೌಕೆಯೂ ಸರಕು ಹಡಗೂ ಮೀನುಗಾರಿಕೆಯ ಹಡಗೂ ಒಂದೇ ನೀರನ್ನು ಹಂಚಿಕೊಳ್ಳಬೇಕು. ಕಳೆದ 160 ವರ್ಷಗಳಲ್ಲಿ ಕೋಟೆಯ ಕೈ ಮೇಲಾದಾಗಲೆಲ್ಲ ಪೇಟೆಯ ಜನ ಗಡೀಪಾರಾಗಿದ್ದಾರೆ, ಬಾಗಿಲು ಮುಚ್ಚಿದೆ. ಪೇಟೆಗೆ ಉಸಿರಾಡಲು ಬಿಟ್ಟಾಗಲೆಲ್ಲ ಊರು ಚಿಗುರಿದೆ. ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನದು ಸುಲಭ.

ಮೊದಲು ನೆಲದ ಸ್ವರೂಪ. ರಷ್ಯಾದ ಚಕ್ರವರ್ತಿ ಮಹಾನ್ ಪೀಟರನ ಹೆಸರಿನ ದೊಡ್ಡ ಖಾರಿಯೊಳಕ್ಕೆ ಒಂದು ಪರ್ಯಾಯ ದ್ವೀಪ ದಕ್ಷಿಣಕ್ಕೆ ಚಾಚಿಕೊಂಡಿದೆ. ಅದರ ಪಶ್ಚಿಮಕ್ಕೆ ಅಮೂರ್ ಕೊಲ್ಲಿ, ಪೂರ್ವಕ್ಕೆ ಉಸ್ಸುರಿ ಕೊಲ್ಲಿ. ಪರ್ಯಾಯ ದ್ವೀಪದ ತುದಿಯಲ್ಲಿ ಕೊಂಬಿನಂತೆ ಬಾಗಿ ಒಳನುಗ್ಗಿರುವ ಸುಮಾರು ಏಳು ಕಿ.ಮೀ. ಉದ್ದದ ಇನ್ನೊಂದು ಸಣ್ಣ ಕೊಲ್ಲಿಯಿದೆ. ಅದೇ ಗೋಲ್ಡನ್ ಹಾರ್ನ್. ಇಸ್ತಾಂಬುಲ್‌ನ ಕೊಲ್ಲಿಯನ್ನು ಹೋಲುತ್ತದೆಂದು ಆ ಹೆಸರಿಟ್ಟರು, ಹೊರಗಿನ ಜಲಸಂಧಿಯನ್ನೂ ಪೂರ್ವ ಬಾಸ್ಫರಸ್ ಎಂದು ಕರೆದರು. ಜಲಸಂಧಿಯ ಆಚೆಗೆ ರುಸ್ಕಿ ದ್ವೀಪ ಅಗುಳಿ ಹಾಕಿದಂತೆ ಅಡ್ಡ ಮಲಗಿದೆ. ಸುತ್ತ ಗುಡ್ಡಗಳು, ಒಳಗೆ ಆಳವಾದ ನೀರು. ಬಿರುಗಾಳಿಯಿಂದಲೂ ಶತ್ರುವಿನಿಂದಲೂ ಇಷ್ಟು ಚೆನ್ನಾಗಿ ಮರೆಯಾದ ಸಹಜ ಬಂದರು ಆ ಕರಾವಳಿಯಲ್ಲಿ ಅಪರೂಪ. ಒಂದೇ ಕೊರತೆಯೆಂದರೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹಿಮಭಂಜಕ ಹಡಗುಗಳು ಓಡಾಡಿ ದಾರಿ ತೆರೆದಿಡಬೇಕು. 1898ರಲ್ಲಿ ರಷ್ಯಾ ಇನ್ನೂ ದಕ್ಷಿಣಕ್ಕೆ ಹೋಗಿ ಚೀನಾದಿಂದ ಪೋರ್ಟ್ ಆರ್ಥರನ್ನು ಗುತ್ತಿಗೆ ಪಡೆದದ್ದಕ್ಕೆ ಈ ಮಂಜುಗಡ್ಡೆಯೂ ಒಂದು ಕಾರಣ.

ಇನ್ನು ನಿಮ್ಮ 'ಏಕೆ'. ಅದರ ಉತ್ತರವಿರುವುದು ಬ್ರಿಟನ್, ಫ್ರಾನ್ಸ್‌ಗಳ ವಿರುದ್ಧ ರಷ್ಯಾ ಹೋರಾಡಿದ ಕ್ರೈಮಿಯಾ ಯುದ್ಧದಲ್ಲಿ. 1854ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ನೌಕೆಗಳು ಕಮ್ಚಟ್ಕಾದ ಪೆಟ್ರೊಪಾವ್ಲೊವ್ಸ್ಕ್ ಮೇಲೆ ದಾಳಿ ಮಾಡಿದವು. ದಾಳಿ ವಿಫಲವಾಯಿತು. ಆದರೆ ಪೆಸಿಫಿಕ್ ಕರಾವಳಿ ಎಷ್ಟು ಬಯಲಾಗಿದೆ ಎಂಬುದು ರಷ್ಯಾಕ್ಕೆ ಮನವರಿಕೆಯಾಯಿತು. ಮರುವರ್ಷ ರಷ್ಯನ್ ಹಡಗುಗಳನ್ನು ಹುಡುಕುತ್ತ ಬಂದ ಬ್ರಿಟಿಷರು ಇದೇ ಗೋಲ್ಡನ್ ಹಾರ್ನ್ ಕೊಲ್ಲಿಯನ್ನು ಹೊಕ್ಕು, ಪೋರ್ಟ್ ಮೇ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಹೋದರು. ತಾವು ಸುಮ್ಮನಿದ್ದರೆ ಬ್ರಿಟಿಷರು ಇಲ್ಲಿ ಇನ್ನೊಂದು ಹಾಂಕಾಂಗ್ ಕಟ್ಟುತ್ತಾರೆಂಬ ಭಯ ಹುಟ್ಟಲು ಅಷ್ಟು ಸಾಕಿತ್ತು. ಪೂರ್ವ ಸೈಬೀರಿಯಾದ ಗವರ್ನರ್ ಜನರಲ್ ನಿಕೊಲಾಯ್ ಮುರಾವ್ಯೋವ್ 1859ರಲ್ಲಿ ಉಗಿಹಡಗೊಂದರಲ್ಲಿ ಈ ಕರಾವಳಿಯನ್ನು ಸ್ವತಃ ಸುತ್ತಿ ನೋಡಿ ಸ್ಥಳವನ್ನು ಆರಿಸಿದ, 'ಪೂರ್ವವನ್ನು ಆಳು' ಎಂಬರ್ಥದ ಹೆಸರನ್ನೂ ಕೊಟ್ಟ.

1860ರ ಜುಲೈ 2ರಂದು 'ಮಂಚೂರ್' ಎಂಬ ಸಾಗಣೆ ನೌಕೆ ಕೊಲ್ಲಿಗೆ ಬಂದು ಸುಮಾರು ಮೂವತ್ತು ಸೈನಿಕರನ್ನು ಇಳಿಸಿತು. ಅವರ ನಾಯಕ ಕೊಮರೋವ್ ಎಂಬ ಕಿರಿಯ ಅಧಿಕಾರಿ. ಮರ ಕಡಿದು ಬಿಡಾರ ಕಟ್ಟುವುದೇ ಅವರ ಮೊದಲ ಕೆಲಸವಾಯಿತು. ಇಲ್ಲಿ ದಿನಾಂಕವನ್ನು ಗಮನಿಸಬೇಕು. 1858ರ ಐಗುನ್ ಒಪ್ಪಂದದ ಪ್ರಕಾರ ಉಸ್ಸುರಿ ನದಿಗೂ ಸಮುದ್ರಕ್ಕೂ ನಡುವಣ ಈ ನೆಲ ಚೀನಾ ಮತ್ತು ರಷ್ಯಾಗಳ ಜಂಟಿ ಒಡೆತನದಲ್ಲಿತ್ತು. ಅದು ಪೂರ್ತಿಯಾಗಿ ರಷ್ಯಾದ ಪಾಲಾದದ್ದು 1860ರ ನವೆಂಬರ್‌ನಲ್ಲಿ ಸಹಿಯಾದ ಪೀಕಿಂಗ್ ಒಪ್ಪಂದದಿಂದ. ಆ ಹೊತ್ತಿಗೆ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆ ಪೀಕಿಂಗ್‌ಗೆ ನುಗ್ಗಿ ಚೀನಾದ ಅರಸೊತ್ತಿಗೆ ಕಂಗೆಟ್ಟು ಕೂತಿತ್ತು. ಅಂದರೆ ಕಾಗದ ಕೈಸೇರುವ ನಾಲ್ಕು ತಿಂಗಳ ಮೊದಲೇ ಬಿಡಾರ ಎದ್ದಿತ್ತು. ಆ ನೆಲ ಬರಿದಾಗಿಯೂ ಇರಲಿಲ್ಲ. ಚೀನೀಯರು ಅಲ್ಲಿ ಸಮುದ್ರ ಸೌತೆಯನ್ನು ಹಿಡಿದು ಒಣಗಿಸಿ ಮಾರುತ್ತಿದ್ದರು. ಅವರು ಊರನ್ನು ಹೈಶೆನ್‌ವೈ ಎಂದು ಕರೆಯುತ್ತಿದ್ದುದು ಆ ಜೀವಿಯಿಂದಲೇ. ಚೀನಾದ ಅನೇಕರ ಮನಸ್ಸಿನಲ್ಲಿ ಈ ಹಳೆಯ ಹೆಸರು ಇಂದಿಗೂ ಒಂದು ಕಳೆದುಕೊಂಡ ಆಸ್ತಿಯ ನೆನಪಾಗಿ ಉಳಿದಿದೆ.

ಹೀಗೆ ಹುಟ್ಟುವಾಗ ಅದು ಕೋಟೆ. ಪೇಟೆ ಬಂದದ್ದು ಎರಡು ವರ್ಷ ಬಿಟ್ಟು. ಸಾಮ್ರಾಜ್ಯದ ಕೊನೆಯ ಮೂಲೆಗೆ ಅಕ್ಕಿ, ಹಿಟ್ಟು, ಮೊಳೆ, ಗಾಜು ಸಾಗಿಸುವುದು ಸರ್ಕಾರಕ್ಕೆ ಸಾಧ್ಯವಿರಲಿಲ್ಲ. ಆದ್ದರಿಂದ 1862ರಲ್ಲಿ ವ್ಲಾಡಿವೋಸ್ಟಾಕನ್ನು ಸುಂಕರಹಿತ ಮುಕ್ತ ಬಂದರು ಎಂದು ಘೋಷಿಸಿದರು. ಆ ಒಂದು ಆದೇಶದಿಂದ ಊರಿನ ಸ್ವಭಾವವೇ ನಿರ್ಧಾರವಾಯಿತು ಎನ್ನಬಹುದು. 1864ರಲ್ಲಿ ಗುಸ್ತಾವ್ ಕುನ್ಸ್ಟ್ ಮತ್ತು ಗುಸ್ತಾವ್ ಆಲ್ಬರ್ಸ್ ಎಂಬ ಇಬ್ಬರು ಜರ್ಮನ್ನರು ಅಂಗಡಿ ತೆರೆದರು. ಮುಂದೆ ಅದು ರಷ್ಯಾದ ದೂರಪ್ರಾಚ್ಯದ ಅತಿದೊಡ್ಡ ವ್ಯಾಪಾರ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ಸೂಜಿಯಿಂದ ಹಿಡಿದು ಜೀವಂತ ಹುಲಿಯವರೆಗೆ ಎಲ್ಲವೂ ಸಿಗುತ್ತದೆ ಎಂಬ ಮಾತಿತ್ತು. ಹುಲಿಯ ಮಾತು ಅತಿಶಯವೇ ಇರಬಹುದು. ಆದರೆ ಆ ಕಾಲದಲ್ಲಿ ಊರ ಪಕ್ಕದ ಕಾಡಿನಲ್ಲಿ ಹುಲಿಗಳಿದ್ದವು. ಊರೊಳಗಿನ ಒಂದು ಗುಡ್ಡಕ್ಕೆ ಹುಲಿಗುಡ್ಡ ಎಂದೇ ಹೆಸರು, ನಗರದ ಲಾಂಛನದಲ್ಲೂ ಹುಲಿಯೇ ಇದೆ. ಸ್ವಿಟ್ಜರ್ಲೆಂಡಿನ ಜೂಲ್ಸ್ ಬ್ರೈನರ್ ಇಲ್ಲಿ ಹಡಗು ವ್ಯಾಪಾರ ಮತ್ತು ಗಣಿಯಿಂದ ಶ್ರೀಮಂತನಾದ. ಹಾಲಿವುಡ್‌ನ ಬೋಳುತಲೆಯ ನಟ ಯೂಲ್ ಬ್ರಿನ್ನರ್ ಅವನ ಮೊಮ್ಮಗ, 1920ರಲ್ಲಿ ಹುಟ್ಟಿದ್ದು ಇದೇ ಊರಿನ ಅಲೆಉಟ್ಸ್ಕಾಯಾ ಬೀದಿಯ ಮನೆಯಲ್ಲಿ. 1871ರಲ್ಲಿ ಡೆನ್ಮಾರ್ಕ್‌ನ ಕಂಪನಿಯೊಂದು ಸಮುದ್ರದಡಿ ಕೇಬಲ್ ಹಾಕಿ ಊರನ್ನು ನಾಗಸಾಕಿ ಮತ್ತು ಶಾಂಘೈಗಳಿಗೆ ಜೋಡಿಸಿತು. ನೌಕಾನೆಲೆಯೂ ಅದೇ ವರ್ಷ ಅಮೂರ್ ನದಿಯ ಮುಖದಿಂದ ಇಲ್ಲಿಗೆ ಸ್ಥಳಾಂತರವಾಯಿತು. ಕೋಟೆ ಪೇಟೆ ಎರಡೂ ಕೂಡಿಯೇ ಬೆಳೆದ ವರ್ಷಗಳವು.

ರಷ್ಯನ್ ರೈತರು ಇಲ್ಲಿಗೆ ಬಂದ ದಾರಿಯನ್ನು ಹೇಳಿದರೆ ನಿಮ್ಮ ಮಗನಿಗೆ ಕುತೂಹಲವಾದೀತು. ಸೈಬೀರಿಯಾವನ್ನು ಗಾಡಿಯಲ್ಲಿ ದಾಟಲು ವರ್ಷವೇ ಹಿಡಿಯಬಹುದಿತ್ತು. ಹೀಗಾಗಿ 1880ರ ದಶಕದಿಂದ ಉಕ್ರೇನ್ ಕಡೆಯ ವಲಸಿಗರನ್ನು ಒಡೆಸ್ಸಾದಲ್ಲಿ ಹಡಗು ಹತ್ತಿಸಿ, ಸೂಯೆಜ್ ದಾಟಿಸಿ, ಹಿಂದೂ ಮಹಾಸಾಗರದ ಮೂಲಕ ಕೊಲಂಬೊ, ಸಿಂಗಪುರ ಹಾಯ್ದು ಇಲ್ಲಿಗೆ ತರುತ್ತಿದ್ದರು. ಸುಮಾರು ಒಂದೂವರೆ ತಿಂಗಳ ಯಾನ. ಇಂದು ಹೊಸತೆಂದು ಹೇಳುತ್ತಿರುವ ಜಲಮಾರ್ಗದ ಬಹುಭಾಗ ಆಗಲೇ ಸವೆದ ದಾರಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರಿನ ಜನಸಂಖ್ಯೆ ಸುಮಾರು 29,000. ಅದರಲ್ಲಿ ಚೀನೀಯರು, ಕೊರಿಯನ್ನರು, ಜಪಾನೀಯರದು ದೊಡ್ಡ ಪಾಲು. ಕಲ್ಲು ಒಡೆಯುವವರು, ಹಡಗಿಗೆ ಸರಕು ತುಂಬುವವರು, ತರಕಾರಿ ಬೆಳೆಯುವವರು, ಬಟ್ಟೆ ಒಗೆಯುವವರು, ನೀರು ಹೊರುವವರು ಹೆಚ್ಚಾಗಿ ಅವರೇ. ಸ್ವೆಟ್ಲಾನ್ಸ್ಕಾಯಾದ ಹಿಂದೆ, ಅಮೂರ್ ಕೊಲ್ಲಿಯ ಕಡೆಗೆ, ಮಿಲಿಯೊಂಕಾ ಎಂಬ ಚೀನೀ ಕೇರಿ ಇತ್ತು. ಕೆಂಪು ಇಟ್ಟಿಗೆಯ ಎರಡು ಮೂರು ಅಂತಸ್ತಿನ ಕಟ್ಟಡಗಳು ಒಂದಕ್ಕೊಂದು ಆತುಕೊಂಡಿದ್ದು, ಬೀದಿಯಿಂದ ನೋಡಿದರೆ ಬರೀ ಗೋಡೆ. ಕಮಾನಿನ ಕೆಳಗೆ ನುಸುಳಿದರೆ ಒಳಗೊಂದು ಅಂಗಳ. ಅಂಗಳದ ಸುತ್ತ ಮೊಗಸಾಲೆ, ಹೊರಮೈಗೆ ಅಂಟಿಕೊಂಡ ಮೆಟ್ಟಿಲುಗಳು. ಅಲ್ಲಿಂದ ಇನ್ನೊಂದು ಕಮಾನು, ಇನ್ನೊಂದು ಅಂಗಳ. ಒಂದೊಂದು ಕೋಣೆಯಲ್ಲಿ ಹತ್ತಾರು ಕೂಲಿಗಳು ಸರದಿಯಲ್ಲಿ ಮಲಗುತ್ತಿದ್ದ ಈ ಜಾಗದಲ್ಲಿ ಅಫೀಮಿನ ಅಡ್ಡೆಗಳೂ ಇದ್ದವು, ರಂಗಮಂದಿರವೂ ಇತ್ತು. ಆ ಅಂಗಳಗಳು ಇಂದಿಗೂ ಇವೆ, ಈಗ ಅಲ್ಲಿ ಕಾಫಿ ಅಂಗಡಿಗಳಾಗಿವೆ. ಅಮೆರಿಕದ ಎಲೀನರ್ ಪ್ರೇ ಎಂಬ ಮಹಿಳೆ 1894ರಿಂದ 1930ರವರೆಗೆ ಈ ಊರಿನಲ್ಲಿ ಬಾಳಿ, ತವರಿಗೆ ಬರೆದ ಸಾವಿರಾರು ಪತ್ರಗಳು ಉಳಿದಿವೆ. ಯಾವ ಸರ್ಕಾರಿ ದಾಖಲೆಗಿಂತಲೂ ಅವು ಆ ಕಾಲದ ಪೇಟೆಯ ಬದುಕನ್ನು ಚೆನ್ನಾಗಿ ತೋರಿಸುತ್ತವೆ ಎಂದು ನನ್ನ ಎಣಿಕೆ.

ರೈಲಿಗೆ ಬರೋಣ. 1890ರ ಕೊನೆಯಲ್ಲಿ ರಷ್ಯಾದ ಯುವರಾಜ ನಿಕೊಲಾಸ್ ಪೂರ್ವದೇಶಗಳ ಪ್ರವಾಸ ಹೊರಟ. ನಮ್ಮ ಬಾಂಬೆಯಲ್ಲೂ ಇಳಿದು ಭಾರತ ಸುತ್ತಿದ. ಮರುವರ್ಷ ಜಪಾನಿನ ಓತ್ಸುವಿನಲ್ಲಿ ಕಾವಲಿನ ಪೊಲೀಸನೊಬ್ಬ ಕತ್ತಿಯಿಂದ ಅವನ ತಲೆಗೆ ಹೊಡೆದ. ಗಾಯ ಮಾಸುವ ಮೊದಲೇ ವ್ಲಾಡಿವೋಸ್ಟಾಕ್‌ಗೆ ಬಂದ ಯುವರಾಜ, 1891ರ ಮೇ 31ರಂದು ಟ್ರಾನ್ಸ್-ಸೈಬೀರಿಯನ್ ರೈಲುಮಾರ್ಗದ ಕೆಲಸಕ್ಕೆ ಚಾಲನೆ ಕೊಟ್ಟ. ಆರಂಭದಲ್ಲಿ ರೈಲು ಚೀನಾದ ಮಂಚೂರಿಯಾವನ್ನು ಅಡ್ಡಹಾಯ್ದು ಬರುತ್ತಿತ್ತು. ಪೂರ್ತಿಯಾಗಿ ರಷ್ಯಾದ ನೆಲದ ಮೇಲೆಯೇ ಹಾಯುವ ಮಾರ್ಗ ಮುಗಿದದ್ದು 1916ರಲ್ಲಿ, ಖಬಾರೊವ್ಸ್ಕ್ ಬಳಿ ಅಮೂರ್ ಸೇತುವೆ ಆದ ಮೇಲೆ. ಇಂದು ನೀವು ನಿಲ್ದಾಣದ ಮೇಲಿನ ಕಾಲುಸೇತುವೆಯಲ್ಲಿ ನಿಂತರೆ ಒಂದು ಬದಿಗೆ ರೈಲಿನ ಬೋಗಿಗಳು, ಇನ್ನೊಂದು ಬದಿಗೆ ಹಡಗಿನ ಕಟ್ಟೆ. ನಡುವೆ ಕೆಲವೇ ಹೆಜ್ಜೆಗಳ ಅಂತರ. ಪ್ಲಾಟ್‌ಫಾರ್ಮಿನಲ್ಲಿ 9288 ಎಂದು ಕೊರೆದ ಕಂಬವಿದೆ. ನೆಲದ ದಾರಿ ಮುಗಿಯುವ ಬಿಂದುವಿನಲ್ಲೇ ನೀರಿನ ದಾರಿ ಶುರುವಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿಲ್ದಾಣವನ್ನು ನಾನು ಬೇರೆಲ್ಲೂ ನೋಡಿಲ್ಲ.

ರೈಲು ಬಂದ ಮೇಲೆ ಜಪಾನಿಗೆ ಆತಂಕ ಹೆಚ್ಚಿತು, ಯುದ್ಧವೂ ಬಂತು. 1904ರ ಮಾರ್ಚ್‌ನಲ್ಲಿ ಜಪಾನಿನ ನೌಕೆಗಳು ಊರಿನ ಮೇಲೆ ಗುಂಡು ಹಾರಿಸಿದವು. ಬಾಲ್ಟಿಕ್‌ನಿಂದ ಅರ್ಧ ಭೂಮಿ ಸುತ್ತಿಕೊಂಡು ಬಂದ ರಷ್ಯಾದ ದೊಡ್ಡ ನೌಕಾಬಲದ ಗುರಿ ವ್ಲಾಡಿವೋಸ್ಟಾಕ್ ತಲುಪುವುದೇ ಆಗಿತ್ತು. 1905ರ ಮೇ ತಿಂಗಳಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ಅದು ನುಚ್ಚುನೂರಾಯಿತು. ಅಲ್ಮಾಜ್ ಎಂಬ ಕ್ರೂಸರ್ ಮತ್ತು ಎರಡು ಡಿಸ್ಟ್ರಾಯರ್‌ಗಳು ಮಾತ್ರ ಗೋಲ್ಡನ್ ಹಾರ್ನ್ ಸೇರಿದವು. ಆ ಸೋಲಿನ ನಂತರ ಸುತ್ತಲಿನ ಗುಡ್ಡಗಳನ್ನು ಕೊರೆದು ಕಾಂಕ್ರೀಟಿನ ಭಾರೀ ಕೋಟೆಗಳನ್ನು ಕಟ್ಟಿದರು. 1909ರಲ್ಲಿ ಮುಕ್ತ ಬಂದರಿನ ಸವಲತ್ತನ್ನೂ ಕೊನೆಗೊಳಿಸಿದರು. ಪೇಟೆಗೆ ಬಿದ್ದ ಮೊದಲ ದೊಡ್ಡ ಏಟು ಇದು.

1917ರ ಬೊಲ್ಶೆವಿಕ್ ಕ್ರಾಂತಿಯ ನಂತರದ ನಾಲ್ಕೈದು ವರ್ಷ ಈ ಊರಿನಲ್ಲಿ ನಡೆದದ್ದಕ್ಕೆ ಬೇರೆ ಹೋಲಿಕೆ ಸಿಗುವುದು ಕಷ್ಟ. ಜಪಾನೀಯರು, ಅಮೆರಿಕನ್ನರು, ಬ್ರಿಟಿಷರು, ಕೆನಡಾದವರು, ಜೆಕ್ ಮತ್ತು ಸ್ಲೊವಾಕ್ ಸೈನಿಕರು ಒಂದೇ ಬೀದಿಯಲ್ಲಿ ಗಸ್ತು ತಿರುಗಿದರು. ಸರ್ಕಾರಗಳು ಒಂದರ ಮೇಲೊಂದು ಬಂದು ಹೋದವು. 1922ರ ಅಕ್ಟೋಬರ್ 25ರಂದು ಕೊನೆಯ ಜಪಾನೀ ಪಡೆಗಳು ಹಡಗು ಹತ್ತಿದವು, ಕೆಂಪು ಸೇನೆ ಊರು ಹೊಕ್ಕಿತು. ಮುಂದಿನ ತಿಂಗಳು ಲೆನಿನ್ ಮಾಸ್ಕೋದ ಸಭೆಯಲ್ಲಿ ಆಡಿದ ಮಾತು ಅಲ್ಲಿನ ಮಕ್ಕಳಿಗೂ ಬಾಯಿಪಾಠ: ವ್ಲಾಡಿವೋಸ್ಟಾಕ್ ದೂರದಲ್ಲಿದೆ, ಆದರೂ ಅದು ನಮ್ಮ ಊರೇ.

ನಮ್ಮದೇ ಊರು ಎಂದವರು ಹದಿನೈದು ವರ್ಷದೊಳಗೆ ಆ ಊರಿನ ಅರ್ಧ ಜೀವವನ್ನೇ ಕಿತ್ತುಹಾಕಿದರು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇಂದಿನ ವ್ಲಾಡಿವೋಸ್ಟಾಕ್ ಏಕೆ ಇಷ್ಟು ಪೂರ್ತಿಯಾಗಿ ರಷ್ಯನ್ ಊರಿನಂತೆ ಕಾಣುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಡತನದಿಂದಲೂ ಆಮೇಲೆ ಜಪಾನಿನ ಆಳ್ವಿಕೆಯಿಂದಲೂ ತಪ್ಪಿಸಿಕೊಂಡು ಬಂದ ಕೊರಿಯನ್ನರು ಊರ ಅಂಚಿನ ಗುಡ್ಡದ ಮೇಲೆ ಸಿನ್ಹಾಂಚೊನ್ ಎಂಬ ತಮ್ಮದೇ ಕೇರಿ ಕಟ್ಟಿಕೊಂಡಿದ್ದರು. ಶಾಲೆ, ಪತ್ರಿಕೆ, ಪ್ರಾರ್ಥನಾ ಮಂದಿರ ಎಲ್ಲ ಇದ್ದ ಆ ಕೇರಿ ಕೊರಿಯಾದ ಸ್ವಾತಂತ್ರ್ಯ ಹೋರಾಟಕ್ಕೆ ಆಶ್ರಯವಾಗಿತ್ತು. 1909ರಲ್ಲಿ ಹಾರ್ಬಿನ್ ನಿಲ್ದಾಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಇತೊ ಹಿರೊಬುಮಿಯನ್ನು ಗುಂಡಿಕ್ಕಿ ಕೊಂದ ಆನ್ ಜುಂಗ್-ಗುನ್ ಹೊರಟದ್ದೂ ವ್ಲಾಡಿವೋಸ್ಟಾಕ್‌ನಿಂದಲೇ. ಜಪಾನನ್ನು ಅಷ್ಟು ದ್ವೇಷಿಸುತ್ತಿದ್ದ ಇದೇ ಜನರನ್ನು ಜಪಾನಿನ ಗೂಢಚಾರರಾಗಬಹುದು ಎಂಬ ಗುಮಾನಿಯ ಮೇಲೆ ಸ್ಟಾಲಿನ್ ಸರ್ಕಾರ ಒಕ್ಕಲೆಬ್ಬಿಸಿತು. 1937ರ ಆಗಸ್ಟ್‌ನಲ್ಲಿ ಆದೇಶ ಹೊರಟಿತು. ಕೆಲವೇ ತಿಂಗಳಲ್ಲಿ ಇಡೀ ದೂರಪ್ರಾಚ್ಯದಿಂದ ಸುಮಾರು 1,72,000 ಕೊರಿಯನ್ನರನ್ನು ರೈಲಿನಲ್ಲಿ ತುಂಬಿ ಕಜಕಸ್ತಾನ ಮತ್ತು ಉಜ್ಬೇಕಿಸ್ತಾನಗಳಿಗೆ ಸಾಗಿಸಿದರು. ಭತ್ತ ಬೆಳೆಯುತ್ತಿದ್ದವರನ್ನು ಚಳಿಗಾಲದ ಹೊಸ್ತಿಲಲ್ಲಿ ಬರಡು ಬಯಲಿನಲ್ಲಿ ಇಳಿಸಿದರು. ಕೊರಿಯನ್ ಶಿಕ್ಷಕರ ತರಬೇತಿ ಕಾಲೇಜು, ರಂಗತಂಡಗಳೂ ಅವರೊಂದಿಗೆ ಕಜಕಸ್ತಾನಕ್ಕೆ ಹೋದವು. ಮಿಲಿಯೊಂಕಾದ ಚೀನೀಯರನ್ನು 1936ರಿಂದಲೇ ಖಾಲಿ ಮಾಡಿಸಲಾಗಿತ್ತು. ಸಿನ್ಹಾಂಚೊನ್ ಇದ್ದ ಜಾಗದಲ್ಲಿ ಈಗ ವಸತಿ ಕಟ್ಟಡಗಳಿವೆ. ಅವುಗಳ ನಡುವೆ 1999ರಲ್ಲಿ ನಿಲ್ಲಿಸಿದ ಸ್ಮಾರಕದ ಕಲ್ಲುಕಂಬಗಳಿವೆ. ಏಷ್ಯಾದ ದಡದಲ್ಲಿ ಹುಟ್ಟಿದ ಈ ಊರು ಏಷ್ಯಾದಂತೆ ಕಾಣದಿರುವುದು ತಾನಾಗಿ ಆದದ್ದಲ್ಲ. ಆದೇಶ ಹೊರಡಿಸಿ ಮಾಡಿದ್ದು.

ಅದೇ ವರ್ಷಗಳಲ್ಲಿ ಊರಿನ ವ್ತೊರಾಯಾ ರೆಚ್ಕಾ ಭಾಗದಲ್ಲಿ ಕೈದಿಗಳ ಮಧ್ಯಂತರ ಶಿಬಿರವೊಂದಿತ್ತು. ದೇಶದ ಮೂಲೆಮೂಲೆಯಿಂದ ರೈಲಿನಲ್ಲಿ ತಂದವರನ್ನು ಇಲ್ಲಿ ಹಡಗಿಗೇರಿಸಿ ಉತ್ತರದ ಕೊಲಿಮಾ ಚಿನ್ನದ ಗಣಿಗಳಿಗೆ ಒಯ್ಯುತ್ತಿದ್ದರು. ಇಪ್ಪತ್ತನೆಯ ಶತಮಾನದ ರಷ್ಯಾದ ಮಹಾಕವಿಗಳಲ್ಲಿ ಒಬ್ಬನಾದ ಓಸಿಪ್ ಮಂಡೆಲ್‌ಸ್ಟಾಮ್ 1938ರ ಡಿಸೆಂಬರ್ 27ರಂದು ತೀರಿಕೊಂಡದ್ದು ಈ ಶಿಬಿರದಲ್ಲಿ. ಸಾಮೂಹಿಕ ಗುಂಡಿಯಲ್ಲಿ ಹೂತ ಅವನಿಗೆ ಗುರುತಿನ ಗೋರಿಯೂ ಇಲ್ಲ. ಬಂದರು ಎಂದರೆ ಬರುವ ಹಡಗನ್ನಷ್ಟೇ ಎಣಿಸುವುದು ರೂಢಿ. ಇಲ್ಲಿಂದ ಹೊರಟ ಹಡಗುಗಳಲ್ಲಿ ಏನಿತ್ತು ಎಂಬುದೂ ಚರಿತ್ರೆಯೇ.

ಎರಡನೆಯ ಮಹಾಯುದ್ಧದಲ್ಲಿ ಮಾತ್ರ ಬಂದರು ತನ್ನ ನಿಜವಾದ ಶಕ್ತಿಯನ್ನು ತೋರಿಸಿತು. ಸೋವಿಯತ್ ಒಕ್ಕೂಟಕ್ಕೆ ಅಮೆರಿಕ ಕಳಿಸಿದ ನೆರವಿನ ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಬಂದದ್ದು ಪೆಸಿಫಿಕ್ ದಾರಿಯಿಂದ, ಅದರ ಮುಖ್ಯ ದ್ವಾರ ವ್ಲಾಡಿವೋಸ್ಟಾಕ್. ಜಪಾನ್ ಅಮೆರಿಕದೊಂದಿಗೆ ಯುದ್ಧದಲ್ಲಿತ್ತು, ಆದರೆ 1941ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ತಟಸ್ಥ ಒಪ್ಪಂದ ಮಾಡಿಕೊಂಡಿತ್ತು. ಆದ್ದರಿಂದ ಸೋವಿಯತ್ ಬಾವುಟದ ಹಡಗುಗಳು ಶಸ್ತ್ರಾಸ್ತ್ರವಲ್ಲದ ಸರಕನ್ನು, ಅಂದರೆ ಆಹಾರ, ಲಾರಿ, ರೈಲ್ವೆ ಎಂಜಿನ್‌ಗಳನ್ನು, ಜಪಾನಿನ ಕಣ್ಣೆದುರೇ ತಂದವು. ಆ ಹಡಗುಗಳ ಕ್ಯಾಪ್ಟನ್‌ಗಳಲ್ಲಿ ಆನ್ನಾ ಶ್ಚೆಟಿನಿನಾ ಒಬ್ಬರು. 1908ರಲ್ಲಿ ಈ ಊರಿನ ಪಕ್ಕದಲ್ಲೇ ಹುಟ್ಟಿದ ಅವರು 1935ರಲ್ಲಿ ಹ್ಯಾಂಬರ್ಗ್‌ನಿಂದ ಕಮ್ಚಟ್ಕಾಗೆ ಹಡಗು ನಡೆಸಿಕೊಂಡು ಬಂದು, ಮಹಾಸಾಗರ ದಾಟುವ ಹಡಗಿನ ಜಗತ್ತಿನ ಮೊದಲ ಮಹಿಳಾ ಕ್ಯಾಪ್ಟನ್ ಎನಿಸಿಕೊಂಡರು. ಮುಂದೆ ಇದೇ ಊರಿನ ನಾವಿಕ ಕಾಲೇಜಿನಲ್ಲಿ ಪಾಠ ಹೇಳಿ, 1999ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ನಿಮ್ಮ ಮಗ ಅವರ ಹೆಸರನ್ನು ತಿಳಿದುಕೊಂಡು ಹೋಗಲಿ. ಆ ಊರಿನ ಯಾವ ನಾವಿಕನೊಂದಿಗೂ ಮಾತಿಗೆ ಅದು ಒಳ್ಳೆಯ ಆರಂಭ.

ಯುದ್ಧ ಮುಗಿದ ಮೇಲೆ ಕೋಟೆ ಪೂರ್ತಿ ಗೆದ್ದಿತು. ಪೆಸಿಫಿಕ್ ನೌಕಾಪಡೆಯ ತವರೆಂದು 1950ರ ದಶಕದಿಂದ ಊರನ್ನು ವಿದೇಶಿಯರಿಗೆ ಮುಚ್ಚಿದರು. ಹೊರಗಿನ ಹಡಗುಗಳು ನಖೋಡ್ಕಾ ಎಂಬ ಪಕ್ಕದ ಬಂದರಿಗೆ ಹೋಗಬೇಕಾಯಿತು. ಬ್ರೆಜ್ನೆವ್ ಮತ್ತು ಅಮೆರಿಕದ ಅಧ್ಯಕ್ಷ ಫೋರ್ಡ್ 1974ರ ನವೆಂಬರ್‌ನಲ್ಲಿ ಕ್ಷಿಪಣಿಗಳ ಮಿತಿಯ ಬಗ್ಗೆ ಮಾತಾಡಿದ್ದು ಊರ ಹೊರವಲಯದ ಆರೋಗ್ಯಧಾಮದಲ್ಲಿ.

ಈ ಮುಚ್ಚಿದ ಬಾಗಿಲಿನ ಒಳಗೆ ಹೋದ ಕೆಲವೇ ಹೊರಗಿನವರಲ್ಲಿ ಭಾರತೀಯರಿದ್ದರು. ನಮ್ಮ ನೌಕಾಪಡೆ ಸೋವಿಯತ್ ಒಕ್ಕೂಟದಿಂದ ಕೊಂಡ ಕ್ಷಿಪಣಿ ದೋಣಿಗಳ ಸಿಬ್ಬಂದಿ ತರಬೇತಿ ಪಡೆದದ್ದು ವ್ಲಾಡಿವೋಸ್ಟಾಕ್‌ನಲ್ಲಿ. ಕೊರೆಯುವ ಚಳಿಯಲ್ಲಿ, ರಷ್ಯನ್ ಭಾಷೆ ಕಲಿತು, ಆ ಭಾಷೆಯಲ್ಲೇ ಯಂತ್ರಗಳ ಕೈಪಿಡಿ ಓದಿ ಪಳಗಿದವರು ಅವರು. 1971ರ ಡಿಸೆಂಬರ್ 4ರ ರಾತ್ರಿ ನಿಪಟ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯ ಮೇಲೆ ಎರಗಿದವು. ಶತ್ರುವಿಗೆ ಗೊಂದಲವಾಗಲೆಂದು ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು ಎಂದು ನೌಕಾಪಡೆಯ ಹಿರಿಯರು ಹೇಳುತ್ತಾರೆ. ಆ ದಿನವೇ ಇಂದು ನೌಕಾಪಡೆ ದಿನ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಅದೇ ಜಾತಿಯ, ಸ್ವಲ್ಪ ನಂತರದ ಸೋವಿಯತ್ ದೋಣಿ. ಅದನ್ನು ನೋಡಿದ್ದರೆ ಎಷ್ಟು ಇಕ್ಕಟ್ಟಿನಲ್ಲಿ ಆ ಯುವಕರು ಕೆಲಸ ಮಾಡಿದರು ಎಂಬುದು ನಿಮಗೆ ಗೊತ್ತಿರುತ್ತದೆ. ಯುದ್ಧದ ಹೊತ್ತಿನಲ್ಲಿ ಅಮೆರಿಕದ ಎಂಟರ್‌ಪ್ರೈಸ್ ನೌಕೆ ಬಂಗಾಳ ಕೊಲ್ಲಿಯತ್ತ ಬಂದಾಗ ಅದರ ಬೆನ್ನುಹತ್ತಿದ ಸೋವಿಯತ್ ನೌಕೆಗಳು ಹೊರಟದ್ದೂ ಪೆಸಿಫಿಕ್ ನೌಕಾಪಡೆಯಿಂದಲೇ. ಊರು 1992ರ ಜನವರಿ 1ರಂದು ಮತ್ತೆ ತೆರೆದಾಗ, ಆ ವರ್ಷವೇ ಅಲ್ಲಿ ದೂತಾವಾಸದ ಕಚೇರಿ ತೆರೆದ ಮೊದಲ ದೇಶ ಭಾರತ.

ತೆರೆದ ಮೇಲಿನ ಮೊದಲ ಹತ್ತು ವರ್ಷ ಬಹಳ ಕಷ್ಟದವು. ಚಳಿಗಾಲದಲ್ಲೇ ವಿದ್ಯುತ್ ಮತ್ತು ಬಿಸಿನೀರು ಕೈಕೊಡುತ್ತಿದ್ದವು, ಸಂಬಳ ಬರುತ್ತಿರಲಿಲ್ಲ. ಆಗ ಊರನ್ನು ಬದುಕಿಸಿದ್ದು ಹಳೆಯ ಜಪಾನೀ ಕಾರು. ನಾವಿಕರು ಪ್ರತಿ ಯಾನದಲ್ಲೂ ಡೆಕ್ ಮೇಲೆ ಕಾರು ಕಟ್ಟಿಕೊಂಡು ಬಂದರು. ಗುಡ್ಡದ ಇಳಿಜಾರಿನಲ್ಲಿ ಜೆಲ್ಯೋನಿ ಊಗಲ್ ಎಂಬ ದೊಡ್ಡ ಕಾರುಸಂತೆ ಎದ್ದಿತು, ಅಲ್ಲಿಂದ ಸೈಬೀರಿಯಾದ ಉದ್ದಕ್ಕೂ ಕಾರುಗಳು ಹೋದವು. ರಷ್ಯಾದಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಜಪಾನೀ ಕಾರಿನ ಸ್ಟಿಯರಿಂಗ್ ನಮ್ಮದರಂತೆ ಬಲಗಡೆ. ಮುಂದಿನ ಗಾಡಿಯನ್ನು ಹಿಂದಿಕ್ಕಬೇಕಾದರೆ ಚಾಲಕನಿಗೆ ಎದುರಿನ ರಸ್ತೆ ಕಾಣುವುದಿಲ್ಲ. ಆದರೂ ಊರಿಗೆ ಊರೇ ಅದಕ್ಕೆ ಒಗ್ಗಿಕೊಂಡಿದೆ. 2008ರ ಡಿಸೆಂಬರ್‌ನಲ್ಲಿ ವಿದೇಶಿ ಹಳೆಯ ಕಾರುಗಳ ಮೇಲಿನ ಸುಂಕ ಏರಿಸಲು ಮಾಸ್ಕೋ ಹೊರಟಾಗ ಜನ ಬೀದಿಗಿಳಿದರು. ಅವರನ್ನು ಚದುರಿಸಲು ಮಾಸ್ಕೋ ಕಡೆಯಿಂದ ವಿಮಾನದಲ್ಲಿ ವಿಶೇಷ ಪೊಲೀಸ್ ಪಡೆ ಕಳಿಸಬೇಕಾಯಿತು. ಮತ್ತೆ ಅದೇ ಕೋಟೆ, ಅದೇ ಪೇಟೆ.

ನಂತರ ರಾಜಧಾನಿ ಹಣ ಸುರಿಯಿತು. ಪೆಸಿಫಿಕ್ ಸುತ್ತಲಿನ ದೇಶಗಳ ಆರ್ಥಿಕ ಕೂಟವಾದ ಅಪೆಕ್‌ನ 2012ರ ಶೃಂಗಸಭೆಗಾಗಿ ಗೋಲ್ಡನ್ ಹಾರ್ನ್ ಮೇಲೊಂದು, ರುಸ್ಕಿ ದ್ವೀಪಕ್ಕೊಂದು ತೂಗುಕೇಬಲ್ ಸೇತುವೆ ಬಂದವು. ಎರಡನೆಯದರ ಮಧ್ಯದ ಹರವು 1,104 ಮೀಟರ್, ಕಟ್ಟಿದಾಗ ಆ ಬಗೆಯ ಸೇತುವೆಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದ. 2,000 ರೂಬಲ್ ನೋಟಿನಲ್ಲಿ ಅದರ ಚಿತ್ರವಿದೆ. 2015ರಲ್ಲಿ ಮುಕ್ತ ಬಂದರಿನ ಕಾನೂನು ಮತ್ತೆ ಬಂತು. 2018ರಲ್ಲಿ ದೂರಪ್ರಾಚ್ಯ ಪ್ರಾಂತ್ಯದ ಆಡಳಿತ ಕೇಂದ್ರ ಖಬಾರೊವ್ಸ್ಕ್‌ನಿಂದ ಇಲ್ಲಿಗೆ ಬಂತು. ಇಷ್ಟೆಲ್ಲ ಆದರೂ ಜನಸಂಖ್ಯೆ ಸುಮಾರು ಆರು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಸೇತುವೆ ಕಟ್ಟಿದಷ್ಟು ಸುಲಭವಾಗಿ ಜನರನ್ನು ಹಿಡಿದಿಡಲು ಆಗಿಲ್ಲ. 2022ರ ನಂತರ ಪಾಶ್ಚಾತ್ಯ ದೇಶಗಳ ನಿರ್ಬಂಧಗಳಿಂದಾಗಿ ರಷ್ಯಾದ ವ್ಯಾಪಾರ ಯುರೋಪಿನಿಂದ ಪೂರ್ವಕ್ಕೆ ತಿರುಗಿದ್ದರಿಂದ ಇಲ್ಲಿನ ರೈಲು ಮತ್ತು ಬಂದರುಗಳ ಮೇಲಿನ ಒತ್ತಡ ಬಹಳ ಹೆಚ್ಚಿದೆ. 2023ರ ಜೂನ್‌ನಿಂದ ಚೀನಾ ತನ್ನ ಜಿಲಿನ್ ಪ್ರಾಂತ್ಯದ ಸರಕಿಗೆ ಇದೇ ಬಂದರನ್ನು ದೇಶೀಯ ಸಾಗಣೆಯ ಕೊಂಡಿಯಾಗಿ ಬಳಸುತ್ತಿದೆ.

ಚೆನ್ನೈ ಮಾರ್ಗದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಸರ್ಕಾರ ಹೇಳುವ ಲೆಕ್ಕದಲ್ಲಿ ಚೆನ್ನೈನಿಂದ ದೂರ ಸುಮಾರು 5,600 ನಾಟಿಕಲ್ ಮೈಲಿ, 24 ದಿನ. ಮುಂಬೈನಿಂದ ಸೂಯೆಜ್ ಮೂಲಕ ಸೇಂಟ್ ಪೀಟರ್ಸ್‌ಬರ್ಗ್‌ಗೆ 8,675 ನಾಟಿಕಲ್ ಮೈಲಿ, ಸುಮಾರು 40 ದಿನ. ಲೆಕ್ಕ ಆಕರ್ಷಕವಾಗಿದೆ. ಆದರೆ ಈ ಎರಡು ಬಂದರುಗಳು ರಷ್ಯಾದ ಎರಡು ತುದಿಯಲ್ಲಿವೆ. ಜನ ಮತ್ತು ಕಾರ್ಖಾನೆಗಳು ಹೆಚ್ಚಾಗಿರುವುದು ಪಶ್ಚಿಮದ ತುದಿಯಲ್ಲಿ. ಆದ್ದರಿಂದ ಪೂರ್ವದ ದಾರಿ ಕಲ್ಲಿದ್ದಲು, ಕಚ್ಚಾತೈಲ, ರಸಗೊಬ್ಬರ ತರಲು ಅನುಕೂಲ. ನಮ್ಮ ಔಷಧ, ಚಹಾ, ಯಂತ್ರಗಳನ್ನು ಒಯ್ಯಲು ಅಷ್ಟೇ ಅನುಕೂಲ ಎನ್ನಲಾಗದು. ಹೋಗುವಾಗ ಹಡಗು ಅರ್ಧ ಖಾಲಿ ಹೋದರೆ ಬಾಡಿಗೆ ದುಬಾರಿಯಾಗುತ್ತದೆ. ಎರಡು ಕಡೆಯಿಂದಲೂ ಸರಕು ಹುಟ್ಟಬೇಕು. ಆ ಕೆಲಸ ನಿಧಾನದ್ದು. ಇನ್ನೊಂದು ವಿಷಯ: ಪತ್ರಿಕೆಗಳು ವ್ಲಾಡಿವೋಸ್ಟಾಕ್ ಎಂದರೂ ಕಲ್ಲಿದ್ದಲು ತುಂಬುವುದು ನಖೋಡ್ಕಾ ಬಳಿಯ ವೊಸ್ಟೊಚ್ನಿ ಬಂದರಿನಲ್ಲಿ, ಕಚ್ಚಾತೈಲ ಕೊಜ್ಮಿನೊದಲ್ಲಿ. ಮಗನ ಹಡಗು ಕಂಟೇನರ್ ಹಡಗಾದರೆ ಮಾತ್ರ ಗೋಲ್ಡನ್ ಹಾರ್ನ್‌ನಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಹೊರಡುವ ಮೊದಲು ಕಂಪನಿಯಲ್ಲಿ ಇದನ್ನೂ, ನಿರ್ಬಂಧಗಳ ಕಾರಣ ವಿಮೆ ಮತ್ತು ಹಣ ಪಾವತಿಯ ಸ್ಥಿತಿಯನ್ನೂ ಕೇಳಿ ತಿಳಿದುಕೊಳ್ಳಲಿ. ಬೇರೆ ದೇಶಗಳ ಬ್ಯಾಂಕ್ ಕಾರ್ಡ್ ಅಲ್ಲಿ ನಡೆಯುತ್ತದೆಂದು ನಂಬಿಕೊಂಡು ಹೋಗುವುದು ಬೇಡ.

ಹವೆಯ ಬಗ್ಗೆ ಅಲ್ಲಿನವರು ಹೇಳುವುದು: ಅಕ್ಷಾಂಶ ಕ್ರೈಮಿಯಾದ್ದು, ರೇಖಾಂಶ ಕೊಲಿಮಾದ್ದು. ಬಿಸಿಲನಾಡಿನ ಅಕ್ಷಾಂಶದಲ್ಲಿದ್ದರೂ ಜನವರಿಯ ಸರಾಸರಿ ಉಷ್ಣತೆ ಮೈನಸ್ 12 ಡಿಗ್ರಿಯ ಹತ್ತಿರ, ಅದರ ಮೇಲೆ ಒಳನಾಡಿನಿಂದ ಬೀಸುವ ಒಣಗಾಳಿ. ಅಲ್ಲಿಯೂ ಮುಂಗಾರು ಇದೆ: ಜೂನ್ ಜುಲೈನಲ್ಲಿ ದಿನಗಟ್ಟಲೆ ಮಂಜು, ಜಡಿಮಳೆ, ಆಗಸ್ಟ್‌ನಲ್ಲಿ ಚಂಡಮಾರುತದ ಬಾಲ. ಮಂಗಳೂರಿನವರಿಗೆ ಆ ತೇವ ಹೊಸದಲ್ಲ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಆಕಾಶ ತಿಳಿಯಾಗಿ, ಕಡಲು ಇನ್ನೂ ಬೆಚ್ಚಗಿದ್ದು, ಊರು ತನ್ನ ಅತ್ಯುತ್ತಮ ರೂಪದಲ್ಲಿರುತ್ತದೆ.

ಒಂದೇ ದಿನ ಬಿಡುವಿದ್ದರೆ ಅವನು ರೈಲು ನಿಲ್ದಾಣದಿಂದ ಶುರುಮಾಡಲಿ. ಅಲ್ಲಿಂದ ಹಡಗುಕಟ್ಟೆಯ ಉದ್ದಕ್ಕೆ ನಡೆದರೆ ಎಸ್-56 ಜಲಾಂತರ್ಗಾಮಿ ಸಿಗುತ್ತದೆ. ಯುದ್ಧಕಾಲದಲ್ಲಿ ಇಲ್ಲಿಂದ ಹೊರಟು ಪನಾಮಾ ಕಾಲುವೆ ದಾಟಿ ಉತ್ತರದ ನೌಕಾಪಡೆ ಸೇರಿದ ಹಡಗು ಅದು, ಒಳಗೆ ಹೊಕ್ಕು ನೋಡಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಹುಲಿಗುಡ್ಡದ ತೋಪು ಹಾರುತ್ತದೆ, ಬೆಚ್ಚಿಬೀಳುವುದು ಬೇಡ. ಊಟಕ್ಕೆ ಸಮುದ್ರದ ಚಿಪ್ಪಿನ ಮಾಂಸ, ಏಡಿ ಸಿಗುತ್ತವೆ. ಬೀದಿಬದಿಯಲ್ಲಿ ಕೊರಿಯನ್ನರ ಕೊಡುಗೆಯಾದ ಪ್ಯಾನ್‌ಸೆ, ಅಂದರೆ ಎಲೆಕೋಸು ಮತ್ತು ಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನು, ಬಿಸಿಬಿಸಿಯಾಗಿ ಸಿಗುತ್ತದೆ. ಸಸ್ಯಾಹಾರಿಯಾದರೆ ಕೊಳ್ಳುವ ಮೊದಲು ಒಳಗೇನಿದೆ ಎಂದು ಕೇಳಲಿ. ಮಿಲಿಯೊಂಕಾದ ಅಂಗಳಗಳನ್ನು ಹಗಲಿನಲ್ಲಿ ಸುತ್ತಲಿ. ಇನ್ನೂ ಸಮಯ ಉಳಿದರೆ ರುಸ್ಕಿ ದ್ವೀಪಕ್ಕೆ ಬಸ್ಸಿದೆ. ಅಲ್ಲಿ 1930ರ ದಶಕದಲ್ಲಿ ಹಳೆಯ ಯುದ್ಧನೌಕೆಯೊಂದರಿಂದ ಬಿಚ್ಚಿ ತಂದು ಕೂರಿಸಿದ 305 ಮಿ.ಮೀ. ಫಿರಂಗಿಗಳ ವೊರೊಶಿಲೋವ್ ಬ್ಯಾಟರಿ ಈಗ ವಸ್ತುಸಂಗ್ರಹಾಲಯ. ನಿಂತಿರುವ ಯುದ್ಧನೌಕೆಗಳ ಕಡೆಗೆ ಮೊಬೈಲ್ ಹಿಡಿದು ಚಿತ್ರ ತೆಗೆಯುವ ಮೊದಲು ಮಾತ್ರ ಸ್ಥಳೀಯ ಏಜೆಂಟರನ್ನು ಒಂದು ಮಾತು ಕೇಳಲಿ. ಪೆಸಿಫಿಕ್ ನೌಕಾಪಡೆಯ ಕೇಂದ್ರ ಕಚೇರಿ ಈಗಲೂ ಅದೇ ಊರಿನಲ್ಲಿದೆ.